ಶಿವಭೂತಿ ಮುನಿಗಳ ಕಥೆ ಮತ್ತು ನಮ್ಮ ಮಕ್ಕಳು

ಕುಂದಕುಂದಾಚಾರ್ಯರ ‘ಭಾವಪಾಹುಡ’ದಲ್ಲಿ ಶಿವಭೂತಿ ಮುನಿಗಳ ಉಲ್ಲೇಖವಿದೆ. ಎಷ್ಟು ಕಲಿಸಿದರೂ ಅವರಿಗೆ ಶಾಸ್ತ್ರಪಾಠ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಉದ್ದಿನಿಂದ ಸಿಪ್ಪೆ ಬೇರೆಯಾಗಿರುವಂತೆ ದೇಹದಿಂದ ಆತ್ಮ ಬೇರೆ ಎಂಬ ಒಂದೇ ಮಾತನ್ನು ಗುರುಗಳು ಬೋಧಿಸಿದರು. ಅದೂ ಮರೆಯಿತು. ಸ್ತ್ರೀಯೊಬ್ಬಳು ಉದ್ದಿನ ಬೇಳೆ ತೊಳೆಯುವುದನ್ನು ಕಂಡಾಗ ಅರ್ಥ ಹೊಳೆದು, ‘ತುಷ-ಮಾಷ’ ಎಂದು ಸ್ಮರಿಸುತ್ತಲೇ ಅವರು ಕೇವಲಜ್ಞಾನ ಪಡೆದರೆಂಬುದು ಪರಂಪರೆಯ ಕಥೆ. ಶ್ವೇತಾಂಬರರ ಮಾಷತುಷ ಮುನಿಗಳ ಕಥೆಯೂ ಇದೇ ಬಗೆಯದು. ಇಂದಿನ ವೈದ್ಯಶಾಸ್ತ್ರದ ಹೆಸರುಗಳನ್ನು ಆ ಮಹನೀಯರಿಗೆ ಹಚ್ಚುವುದು ಸಲ್ಲದು. ಆದರೆ ಗುರುಗಳು ಶಿಷ್ಯನನ್ನು ಬಿಡಲಿಲ್ಲ, ಪಾಠವನ್ನು ಬದಲಿಸಿದರು ಎಂಬುದು ಗಮನಾರ್ಹ.

ರಾಜ್ಯದ ಕಾನೂನು ಈ ವಿವೇಕಕ್ಕೆ ಬರಲು ದೀರ್ಘಕಾಲ ಹಿಡಿಯಿತು. ಬೆಂಗಳೂರಿನಲ್ಲಿ 1847ರಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆದು, 1974ರಲ್ಲಿ ನಿಮ್ಹಾನ್ಸ್‌ನ ಅಂಗವಾಯಿತು. ಬ್ರಿಟಿಷ್ ಭಾರತದ 1912ರ ಕಾಯ್ದೆ ಬುದ್ಧಿಮಾಂದ್ಯರನ್ನೂ ‘ಹುಚ್ಚರು’ ಎಂದೇ ಎಣಿಸಿತ್ತು. 1987ರ ಕಾಯ್ದೆ ಬುದ್ಧಿಮಾಂದ್ಯತೆಯನ್ನು ಮನೋರೋಗದಿಂದ ಬೇರ್ಪಡಿಸಿತು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ಕಾಯ್ದೆಯು 21 ಬಗೆಯ ನ್ಯೂನತೆಗಳಲ್ಲಿ ಆಟಿಸಂ ಹಾಗೂ ಕಲಿಕಾ ನ್ಯೂನತೆಗಳನ್ನು ಸೇರಿಸಿತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಅಂಗಡಿ ನಡೆಸುವ ಕುಟುಂಬಗಳಿಗೆ ಈ ಚರಿತ್ರೆ ದೂರದ್ದಲ್ಲ. ಇಂತಹ ಮಗುವಿರುವ ತಾಯಿತಂದೆಯರನ್ನು ಕಾಡುವ ಪ್ರಶ್ನೆ ಒಂದೇ: ತಮ್ಮ ನಂತರ ಇವನಿಗೆ ಯಾರು? ಮಗುವಿಗೆ 18 ವರ್ಷ ತುಂಬಿದ ಮೇಲೆ ತಾಯಿತಂದೆಯರೂ ಕಾನೂನಿನ ದೃಷ್ಟಿಯಲ್ಲಿ ತಾವಾಗಿ ಪೋಷಕರಾಗಿ ಉಳಿಯುವುದಿಲ್ಲ. ಅಗತ್ಯವಿದ್ದಲ್ಲಿ 1999ರ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬೇಕು. ಈ ಸಮಿತಿಯಲ್ಲಿ ಜಿಲ್ಲಾಧಿಕಾರಿಯ ದರ್ಜೆಯ ಅಧಿಕಾರಿ ಇರುತ್ತಾರೆ. ಆಸ್ತಿ, ವ್ಯಾಪಾರಗಳ ಪಾಲು ಮಾಡುವಾಗ ಎಲ್ಲವನ್ನೂ ಲೆಕ್ಕವಿಡುವ ವರ್ತಕರು ಈ ಒಂದು ಕಾಗದವನ್ನು ಮರೆಯುವುದುಂಟು.

ಬಸದಿ ಹಾಗೂ ಮಂದಿರಗಳ ಟ್ರಸ್ಟುಗಳಿಗೂ ಇಲ್ಲಿ ಕರ್ತವ್ಯವಿದೆ. ಅಭಿಷೇಕದ ಗಂಟೆ, ಜಾಗಟೆಗಳ ನಾದ ಕೆಲವು ಮಕ್ಕಳಿಗೆ ಅಸಹನೀಯ ನೋವಾಗಿ ಪರಿಣಮಿಸುತ್ತದೆ. ಕಿವಿ ಮುಚ್ಚಿಕೊಂಡು ಕೂಗುವ ಮಗುವನ್ನು ಕಂಡು ಜನರು ತಿರುಗಿ ನೋಡಿದರೆ, ಆ ಕುಟುಂಬ ಮತ್ತೆ ಬಾರದೆ ಹೋಗಬಹುದು. ಜನಸಂದಣಿಯಿಲ್ಲದ ಒಂದು ಹೊತ್ತನ್ನು ಇವರಿಗಾಗಿ ಗೊತ್ತುಪಡಿಸಲು ಹಣ ಬೇಕಿಲ್ಲ. ಪಾಠಶಾಲೆಯಲ್ಲಿ ಣಮೋಕಾರವನ್ನು ಎಲ್ಲರೆದುರು ಒಪ್ಪಿಸಲೇಬೇಕೆಂಬ ನಿಯಮವನ್ನು ಸಡಿಲಿಸಬಹುದು, ಚಿತ್ರಗಳಿಂದ ಕಲಿಸಬಹುದು. ಕ್ರಮಬದ್ಧ ಕೆಲಸದಲ್ಲಿ ಆಸಕ್ತಿಯಿರುವ ವಯಸ್ಕರಿಗೆ ಗ್ರಂಥಗಳನ್ನು ಜೋಡಿಸಿಡುವ ಸೇವೆಯನ್ನು ವಹಿಸಬಹುದು.

ಕೈಯಿಂದ ಮಾಡಿದ ಹಿಂಸೆಯಷ್ಟೇ ಮಾತಿನ ಹಿಂಸೆಯೂ ಹಿಂಸೆಯೇ. ‘ಮಂಕ’, ‘ಪೆದ್ದ’ ಎಂಬ ಮಾತುಗಳು ನಮ್ಮ ಮನೆಗಳಿಂದ ಹೊರಹೋಗುವುದು ಅಹಿಂಸಾವ್ರತದ ಮೊದಲ ಹೆಜ್ಜೆ.