ವ್ಯಾಸಂಗಕ್ಕಾಗಿ ಹೊರನಾಡಿಗೆ ಹೊರಟವರು

ವಿದ್ಯೆಗಾಗಿ ನಾಡನ್ನು ಬಿಟ್ಟು ಹೊರಡುವವರು ತಮ್ಮೊಡನೆ ಏನನ್ನು ಒಯ್ಯಬೇಕೆಂಬ ಪ್ರಶ್ನೆ ಹೊಸದಲ್ಲ. ಈಚೆಗೆ ನಮ್ಮ ಕಳ್ಳಂಬೆಳ್ಳದಲ್ಲಿಯೂ ಅದು ಎದುರಾಯಿತು. ನನ್ನಲ್ಲಿ ಓದಿದ ಹೆಣ್ಣುಮಗಳೊಬ್ಬಳು ಅಮೆರಿಕದ ವಿಶ್ವವಿದ್ಯಾನಿಲಯವೊಂದರಲ್ಲಿ ಒಂದು ವರ್ಷದ ವ್ಯಾಸಂಗಕ್ಕೆ ಆಯ್ಕೆಯಾಗಿ, ಹೇಳಿಹೋಗಲು ಬಂದಿದ್ದಳು. ಪಾಸ್‌ಪೋರ್ಟು, ವೀಸಾ, ಅಂಕಪಟ್ಟಿಗಳೆಲ್ಲ ಸಿದ್ಧವಾಗಿದ್ದವು. ಅಜ್ಜಿಗೆ ಮೊಮ್ಮಗಳ ಲಿಂಗಪೂಜೆಯ ಚಿಂತೆ. ಅಂಗದ ಮೇಲಿರುವ ಲಿಂಗಕ್ಕೆ ಊರು ಯಾವುದಾದರೇನೆಂದು ಸಮಾಧಾನ ಹೇಳಿದೆ. ಹುಡುಗಿಯ ಚಿಂತೆಯೇ ಬೇರೆ. “ಮೇಷ್ಟ್ರೇ, ನಾನು ಹೈಸ್ಕೂಲಿನಿಂದ ಇಂಗ್ಲಿಷಿನಲ್ಲೇ ಓದಿದವಳು. ಅಲ್ಲಿ ಯಾರಾದರೂ ನಮ್ಮ ವಚನಗಳ ವಿಷಯ ಕೇಳಿದರೆ ಏನು ಹೇಳಲಿ?” ಎಂದಳು. ಆ ಮಾತಿನಿಂದ ಈ ಲೇಖನ ಹುಟ್ಟಿತು.

ನಮ್ಮೂರ ಮಗ್ಗುಲಲ್ಲಿ ಹಾಯುವ ಹೆದ್ದಾರಿಯು ಸಿರಾ, ಚಿತ್ರದುರ್ಗ, ಧಾರವಾಡ, ಬೆಳಗಾವಿಗಳನ್ನು ದಾಟಿ ಪುಣೆ, ಮುಂಬಯಿಗಳನ್ನು ಮುಟ್ಟುತ್ತದೆ. ನಾನು ಹೇಳಲಿರುವ ಚರಿತ್ರೆಯ ಬಹುಪಾಲು ಈ ಒಂದು ರಸ್ತೆಯ ಮೇಲೆಯೇ ನಡೆದಿದೆ.

1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು ಶಿರಸಂಗಿ ಲಿಂಗರಾಜರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಅದರ ಮೇಲೆ ವ್ಯಾಜ್ಯಗಳು ಬಹುಕಾಲ ನಡೆದವು. ಆ ಮಹನೀಯರ ಹೆಸರನ್ನು ಹೊತ್ತ ಲಿಂಗರಾಜ ಕಾಲೇಜು 1933ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾಯಿತು. ಆ ಪೀಳಿಗೆಯಲ್ಲಿ ಗೋಕಾಕ ಸೀಮೆಯ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಮರಳಿದರು. ಮುಂದೆ ಕರ್ನಾಟಕ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಎಸ್. ಸಿ. ನಂದಿಮಠರು ಲಂಡನ್ನಿಗೆ ಹೋದದ್ದು ಶೈವಾಗಮಗಳನ್ನು ಕುರಿತು ಸಂಶೋಧಿಸಲು. ವೀರಶೈವವನ್ನು ಇಂಗ್ಲಿಷಿನಲ್ಲಿ ಪರಿಚಯಿಸುವ ಅವರ ಕೈಪಿಡಿ 1942ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ತಮ್ಮ ಮನೆಯ ವಿಷಯವನ್ನು ಅರಿಯಲು ಸಮುದ್ರ ದಾಟಿದರೆಂದು ನಗುವವರು ಆಗಲೂ ಇದ್ದಿರಬೇಕು, ಈಗಲೂ ಇದ್ದಾರೆ.

ಆದರೆ ಹುಡುಗಿಯ ಪ್ರಶ್ನೆಗೆ ತೀರ ಹತ್ತಿರವಾದ ಉದಾಹರಣೆ ಎ. ಕೆ. ರಾಮಾನುಜನ್ ಅವರದು. 1929ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರು ಶ್ರೀವೈಷ್ಣವ ಮನೆತನದವರು. ಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ, ಓದಿದ್ದು ಇಂಗ್ಲಿಷ್. 1950ರ ದಶಕದಲ್ಲಿ ಅವರು ಇಂಗ್ಲಿಷ್ ಅಧ್ಯಾಪಕರಾಗಿ ಹಲವು ವರ್ಷ ಇದ್ದದ್ದು ಮೇಲೆ ಹೇಳಿದ ಲಿಂಗರಾಜ ಕಾಲೇಜಿನಲ್ಲಿಯೇ. ಆ ಸೀಮೆಯ ಹೆಂಗಸರು ಮಕ್ಕಳಿಗೆ ಹೇಳುತ್ತಿದ್ದ ಕನ್ನಡ ಕಥೆಗಳನ್ನು ಅವರು ಬರೆದುಕೊಂಡರು. ಆ ಬಳಿಕ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿತರು. ಎಸ್. ಎಂ. ಕತ್ರೆಯವರ ನೇತೃತ್ವದಲ್ಲಿ ಭಾರತೀಯ ಭಾಷೆಗಳ ಶಾಸ್ತ್ರೀಯ ಅಧ್ಯಯನಕ್ಕೆ ಅಲ್ಲಿ ಒಂದು ತರುಣ ಪರಂಪರೆಯೇ ಸಿದ್ಧವಾಗುತ್ತಿದ್ದ ಕಾಲವದು. 1959ರಲ್ಲಿ ಫುಲ್‌ಬ್ರೈಟ್ ವೇತನ ಪಡೆದು ಅವರು ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೊರಟಾಗ ಮುಂಬಯಿಯಿಂದ ಹಡಗಿನ ಪ್ರಯಾಣ. ಆ ದಿನಗಳ ಅವರ ದಿನಚರಿ 2019ರಲ್ಲಿ ಪ್ರಕಟವಾಗಿದೆ. 1963ರಲ್ಲಿ ಡಾಕ್ಟರೇಟ್ ತಂದುಕೊಟ್ಟ ಪ್ರಬಂಧದ ವಿಷಯ ಯಾವುದೆಂದರೆ, ಕನ್ನಡದ ವ್ಯಾಕರಣ! ಆಂಗ್ಲ ಸಾಹಿತ್ಯದ ಉಪಾಧ್ಯಾಯರು ಅಮೆರಿಕಕ್ಕೆ ಹೋಗಿ ಕನ್ನಡದ ವಾಕ್ಯರಚನೆಯನ್ನು ಶೋಧಿಸಿದರು.

ಷಿಕಾಗೋದಲ್ಲಿ ನೆಲೆಸಿದ ಮೇಲೆ ಅವರು ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದರು. ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಹೊರಬಂದಿತು. ಪ್ರಪಂಚದ ನಾನಾ ಭಾಗಗಳ ಓದುಗರಿಗೆ ವಚನಗಳ ಪರಿಚಯವಾದದ್ದು ಈ ಪುಟ್ಟ ಪುಸ್ತಕದಿಂದಲೇ. ಆದರೆ ಅದರ ಬೇರು ಇಲ್ಲಿದೆ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಊರೂರು ಅಲೆದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸದಿದ್ದರೆ, ಶಿ. ಶಿ. ಬಸವನಾಳರು ಬಸವಣ್ಣನವರ ವಚನಗಳನ್ನು ಪರಿಷ್ಕರಿಸದಿದ್ದರೆ, ಎಲ್. ಬಸವರಾಜು ಅವರು 1960ರಲ್ಲಿ ಅಲ್ಲಮನ ವಚನಗಳನ್ನೂ 1966ರಲ್ಲಿ ಅಕ್ಕನ ವಚನಗಳನ್ನೂ ಸಂಪಾದಿಸದಿದ್ದರೆ, ರಾಮಾನುಜನ್ ಅವರ ಮೇಜಿನ ಮೇಲೆ ಅನುವಾದಿಸಲು ಏನಿರುತ್ತಿತ್ತು?

ಆ ಅನುವಾದವನ್ನು ಎಲ್ಲರೂ ಒಪ್ಪಿಲ್ಲ. ತೇಜಸ್ವಿನಿ ನಿರಂಜನ ಅವರು 1992ರ ತಮ್ಮ ಗ್ರಂಥದಲ್ಲಿ, ಅಲ್ಲಮನು ಆ ಇಂಗ್ಲಿಷಿನಲ್ಲಿ ಪಶ್ಚಿಮದ ಆಧುನಿಕ ಕವಿಯಂತೆ ಕೇಳಿಸುತ್ತಾನೆಂಬ ಅರ್ಥದ ಆಕ್ಷೇಪವನ್ನೆತ್ತಿದರು. ಷಟ್‌ಸ್ಥಲದ ಪರಿಭಾಷೆ ಬಲ್ಲವರಿಗೆ ಈ ಆಕ್ಷೇಪ ತಳ್ಳಿಹಾಕುವಂಥದಲ್ಲ. ಬೆಡಗಿನ ಒಳಗಂಟುಗಳು ಅಲ್ಲಿ ಸಡಿಲವಾಗಿರುವುದನ್ನು ನಾನೂ ಕಂಡಿದ್ದೇನೆ. ಹಾಗೆಂದು ಆ ಪುಸ್ತಕವನ್ನು ಬದಿಗಿಡಲು ನನಗೆ ಮನಸ್ಸಾಗದು.

ರಾಮಾನುಜನ್ ಅಲ್ಲಿಯೇ ನೆಲೆಸಿ 1993ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ನೆರೆಯ ಗೌರಿಬಿದನೂರು ಸೀಮೆಯ ಹೊಸೂರಿನ ಎಚ್. ನರಸಿಂಹಯ್ಯನವರಾದರೋ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬೆಂಗಳೂರಿನ ನ್ಯಾಷನಲ್ ಕಾಲೇಜಿಗೇ ಹಿಂತಿರುಗಿದರು. ಮರಳಿದವರು ಮೇಲೋ ಉಳಿದವರು ಮೇಲೋ ಎಂಬ ಚರ್ಚೆಗೆ ಹುಡುಗಿಯ ತಂದೆ ನನ್ನನ್ನು ಎಳೆದರು. ನಾನು ಉತ್ತರಿಸಲಿಲ್ಲ.

ಹೊರಡಲು ಇನ್ನೂ ಒಂದು ತಿಂಗಳಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅವಳು ಬರತೊಡಗಿದಳು. ದಿನಕ್ಕೆ ಎರಡೋ ಮೂರೋ ವಚನ, ಅಷ್ಟೇ. ಮೊದಲ ವಾರ ಅಕ್ಷರ ಕೂಡಿಸಿ ಓದುತ್ತಿದ್ದಳು. ಮೂರನೆಯ ವಾರದಲ್ಲಿ ಅಕ್ಕನ ಒಂದು ವಚನದ ನನ್ನ ಅರ್ಥವನ್ನು ಒಪ್ಪದೆ ವಾದಿಸಿದಳು. ಪೆಟ್ಟಿಗೆಗೆ ಇಪ್ಪತ್ಮೂರು ಕಿಲೋದ ಮಿತಿ. ತೂಕ ಮೀರಿದಾಗ ಅಜ್ಜಿಯೇ ಚಟ್ನಿಪುಡಿಯ ಒಂದು ಡಬ್ಬಿಯನ್ನು ಹೊರತೆಗೆದು, ಬಸವರಾಜು ಅವರ ಪುಸ್ತಕವನ್ನು ಸೀರೆಯ ಮಡಿಕೆಯೊಳಗೆ ಇಟ್ಟರಂತೆ.