ಮೇಜಿನ ಮೇಲಿನ ಎರಡನೆಯ ಪರದೆ: ಒಂದು ಕಿರು ಇತಿಹಾಸ

ನಮ್ಮ ಸಂಘದ ಅನೇಕ ಸದಸ್ಯರ ಮನೆಗಳಲ್ಲಿ ಇಂದು ಒಂದೇ ಮೇಜಿನ ಮೇಲೆ ಎರಡು ಮಾನಿಟರ್‌ಗಳು ಅಕ್ಕಪಕ್ಕ ನಿಂತಿರುತ್ತವೆ. 2020ರಲ್ಲಿ ಕೋವಿಡ್ ಕಾರಣದಿಂದ ಮನೆಯೇ ಕಚೇರಿಯಾದಾಗ ಈ ಏರ್ಪಾಡು ಇನ್ನಷ್ಟು ಮನೆಗಳನ್ನು ಪ್ರವೇಶಿಸಿತು. ಇದನ್ನು ಕೆಲವರು ಸೌಕರ್ಯವೆಂದೂ ಕೆಲವರು ಆಡಂಬರವೆಂದೂ ಭಾವಿಸುವುದುಂಟು. ಆದರೆ ಇತಿಹಾಸವನ್ನು ಅವಲೋಕಿಸಿದರೆ, ಎರಡನೆಯ ಪರದೆಯ ಹಿಂದೆ ಕಂಪ್ಯೂಟರಿಗಿಂತಲೂ ಬಹಳ ಹಳೆಯದಾದ ಅಗತ್ಯವೊಂದು ಕಾಣುತ್ತದೆ. ಎರಡು ಸಂಗತಿಗಳನ್ನು ಕೇವಲ ನೆನಪಿನ ಮೇಲೆ ಬಿಡದೆ, ಕಣ್ಣೆದುರಿಗೇ ಇಟ್ಟು ಹೋಲಿಸಬೇಕೆಂಬ ಅಗತ್ಯವದು. ವೈದ್ಯವೃತ್ತಿಯಲ್ಲಿ ಎಷ್ಟೋ ಬಾರಿ ಈ ಹೋಲಿಕೆಯೇ ರೋಗಿಯ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ.

ಇಟಲಿಯ ಯಂತ್ರಶಿಲ್ಪಿ ಅಗೊಸ್ಟಿನೊ ರಾಮೆಲ್ಲಿ 1588ರಲ್ಲಿ ಪ್ರಕಟಿಸಿದ ಯಂತ್ರಗಳ ಗ್ರಂಥದಲ್ಲಿ ಒಂದು ಪುಸ್ತಕಚಕ್ರದ ಚಿತ್ರವಿದೆ. ನೀರೆತ್ತುವ ಚಕ್ರದಂತೆ ತಿರುಗುವ ಆ ಚೌಕಟ್ಟಿನಲ್ಲಿ ಹಲವು ಪುಸ್ತಕಗಳನ್ನು ತೆರೆದಿಡಬಹುದು. ಓದುಗನು ಕುಳಿತಲ್ಲಿಂದ ಏಳದೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಗೌಟ್ ರೋಗದಿಂದ ನರಳುವವರಿಗೂ ಇದು ಉಪಯುಕ್ತವೆಂದು ರಾಮೆಲ್ಲಿ ಹೇಳಿರುವುದನ್ನು ಓದಿದಾಗ ವೈದ್ಯನಾದ ನನಗೆ ಸಂತೋಷವಾಯಿತು. ನಮ್ಮ ಗ್ರಂಥಸಂಪಾದಕರೂ ಒಂದೇ ಕಾವ್ಯದ ಹಲವು ಓಲೆಗರಿ ಪ್ರತಿಗಳನ್ನು ಹರಡಿಕೊಂಡು, ಸಾಲಿಗೆ ಸಾಲು ಹೋಲಿಸಿ ಪಾಠಾಂತರಗಳನ್ನು ಗುರುತಿಸಿದವರೇ. ಒಂದು ಪ್ರತಿಯನ್ನು ಮಡಿಸಿಟ್ಟು ಇನ್ನೊಂದನ್ನು ಬಿಡಿಸುವಷ್ಟರಲ್ಲಿ ನೆನಪು ಜಾರುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು.

1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್‌ಜೆನ್ ಎಕ್ಸ್-ರೇಯನ್ನು ಕಂಡುಹಿಡಿದ ಮೇಲೆ ಹೋಲಿಕೆಯ ಈ ಪದ್ಧತಿ ಆಸ್ಪತ್ರೆಯನ್ನೂ ಹೊಕ್ಕಿತು. ಹಿಂದಿನಿಂದ ಬೆಳಕು ಬೀರುವ ಪೆಟ್ಟಿಗೆಯ ಮೇಲೆ ಹಳೆಯ ಫಿಲ್ಮ್ ಮತ್ತು ಹೊಸ ಫಿಲ್ಮ್‌ಗಳನ್ನು ಜೊತೆಯಾಗಿ ತೂಗುಹಾಕಿ ನೋಡುವುದು ವೈದ್ಯರ ನಿತ್ಯದ ಅಭ್ಯಾಸವಾಯಿತು. ಇದರ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶ್ವಾಸಕೋಶದಲ್ಲಿ ಚಿಕ್ಕದೊಂದು ಘನವಾದ ಗಂಟು ಕಂಡಿತೆನ್ನೋಣ. ಒಂದೇ ಚಿತ್ರವನ್ನು ನೋಡಿ ಅದು ನಿರಪಾಯಕಾರಿಯೋ ಕ್ಯಾನ್ಸರೋ ಎಂದು ಹೇಳುವುದು ಬಹಳ ಸಲ ಅಸಾಧ್ಯ. ಎರಡು ವರ್ಷಗಳ ಹಿಂದಿನ ಚಿತ್ರದಲ್ಲಿಯೂ ಅದೇ ಗಂಟು ಅದೇ ಗಾತ್ರದಲ್ಲಿದ್ದರೆ, ಸಾಮಾನ್ಯವಾಗಿ ಅದು ಅಪಾಯಕಾರಿಯಲ್ಲವೆಂದು ಭಾವಿಸಬಹುದು. ಹಳೆಯ ಚಿತ್ರದಲ್ಲಿ ಅದು ಇಲ್ಲದಿದ್ದರೆ ಅಥವಾ ಚಿಕ್ಕದಾಗಿದ್ದರೆ ತನಿಖೆ ತುರ್ತಾಗುತ್ತದೆ.

ಕಂಪ್ಯೂಟರಿನ ಲೋಕದಲ್ಲಿ ಎರಡು ಪರದೆಗಳ ಕಥೆ ಬಹುಬೇಗನೆ ಆರಂಭವಾಯಿತು. 1981ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಐಬಿಎಂ ಪಿಸಿಗೆ ಎರಡು ಬಗೆಯ ಡಿಸ್‌ಪ್ಲೇ ಕಾರ್ಡುಗಳಿದ್ದವು. ಒಂದು ಅಕ್ಷರಗಳನ್ನು ಮಾತ್ರ, ಆದರೆ ಬಹು ಸ್ಪಷ್ಟವಾಗಿ ಒಂದೇ ಬಣ್ಣದಲ್ಲಿ ತೋರಿಸುತ್ತಿತ್ತು. ಇನ್ನೊಂದು ಬಣ್ಣದ ಚಿತ್ರಗಳನ್ನು ಬಿಡಿಸುತ್ತಿತ್ತು. ಇವೆರಡೂ ಕಂಪ್ಯೂಟರಿನ ಸ್ಮೃತಿಯಲ್ಲಿ ಬೇರೆ ಬೇರೆ ವಿಳಾಸಗಳನ್ನು ಬಳಸುತ್ತಿದ್ದುದರಿಂದ ಒಂದೇ ಯಂತ್ರದಲ್ಲಿ ಜೊತೆಯಾಗಿರುವುದು ಸಾಧ್ಯವಾಯಿತು. 1983ರಲ್ಲಿ ಬಂದ ಲೋಟಸ್ 1-2-3 ತಂತ್ರಾಂಶವನ್ನು ಬಳಸುವವರು ಒಂದು ಪರದೆಯಲ್ಲಿ ಅಂಕಿಗಳ ಕೋಷ್ಟಕವನ್ನೂ ಮತ್ತೊಂದರಲ್ಲಿ ಅದರ ನಕ್ಷೆಯನ್ನೂ ನೋಡಬಹುದಾಗಿತ್ತು.

ಎರಡು ಪರದೆಗಳು ಸೇರಿ ಒಂದೇ ವಿಶಾಲವಾದ ಮೇಜಿನಂತಾದುದು 1987ರ ಮ್ಯಾಕಿಂಟಾಷ್ 2ರಲ್ಲಿ. ಒಂದು ಪರದೆಯ ಅಂಚಿನಿಂದ ಹೊರಟ ಕಿಟಕಿಯನ್ನು ಪಕ್ಕದ ಪರದೆಗೆ ಎಳೆದೊಯ್ಯುವುದು ಅಲ್ಲಿ ಸಾಧ್ಯವಿತ್ತು. ಸಾಮಾನ್ಯ ಪಿಸಿ ಬಳಕೆದಾರರು ಇದಕ್ಕಾಗಿ 1998ರವರೆಗೆ ಕಾಯಬೇಕಾಯಿತು. ಆ ವರ್ಷ ಬಂದ ವಿಂಡೋಸ್ 98 ಒಂಬತ್ತು ಮಾನಿಟರ್‌ಗಳವರೆಗೆ ಅವಕಾಶ ನೀಡಿತು. ಮರುವರ್ಷವೇ ಮ್ಯಾಟ್ರಾಕ್ಸ್ ಕಂಪನಿಯ ಜಿ400 ಕಾರ್ಡು, ಒಂದೇ ಕಾರ್ಡಿನಿಂದ ಎರಡು ಮಾನಿಟರ್‌ಗಳನ್ನು ನಡೆಸುವ ಸೌಲಭ್ಯ ಒದಗಿಸಿತು. ಆದರೂ ಭಾರವಾದ ಗಾಜಿನ ಕೊಳವೆಯ ಮಾನಿಟರ್‌ಗಳೆರಡನ್ನು ಇಟ್ಟರೆ ಮೇಜೇ ತುಂಬಿಹೋಗುತ್ತಿತ್ತು. ತೆಳುವಾದ ಎಲ್‌ಸಿಡಿ ಪರದೆಗಳು ಅಗ್ಗವಾದ ಮೇಲೆಯೇ ಈ ಏರ್ಪಾಡು ಮನೆಗಳಲ್ಲಿ ನೆಲೆಗೊಂಡಿತು.

ಇದೇ ಕಾಲದಲ್ಲಿ ಆಸ್ಪತ್ರೆಯ ಬೆಳಕಿನ ಪೆಟ್ಟಿಗೆಗಳೂ ಮರೆಯಾಗತೊಡಗಿದವು. ಅಮೆರಿಕದಲ್ಲಿ ರೇಡಿಯಾಲಜಿ ತಜ್ಞರ ಸಂಸ್ಥೆಯೂ ಉಪಕರಣ ತಯಾರಕರ ಸಂಘವೂ ಕೂಡಿ 1985ರಲ್ಲಿ ರೂಪಿಸಿದ ಮಾನದಂಡವು 1993ರಲ್ಲಿ ಡೈಕಾಮ್ ಎಂಬ ಹೆಸರು ತಳೆಯಿತು. ಒಂದು ಕಂಪನಿಯ ಯಂತ್ರ ತೆಗೆದ ಚಿತ್ರವನ್ನು ಇನ್ನೊಂದು ಕಂಪನಿಯ ಕಂಪ್ಯೂಟರಿನಲ್ಲಿ ತೆರೆಯಲು ಇದು ದಾರಿ ಮಾಡಿತು. ಆದರೆ ಫಿಲ್ಮ್ ಹೋದರೂ ಹೋಲಿಕೆಯ ಅಗತ್ಯ ಹೋಗಲಿಲ್ಲ. ಆದ್ದರಿಂದಲೇ ರೇಡಿಯಾಲಜಿಸ್ಟರ ಮೇಜಿನ ಮೇಲೆ ಎರಡು ಪರದೆಗಳ ಜೋಡಿ ಸಾಮಾನ್ಯವಾಯಿತು. ಸ್ತನದ ಎಕ್ಸ್-ರೇ ನೋಡುವಲ್ಲಿ ತಲಾ 5 ಮೆಗಾಪಿಕ್ಸೆಲ್‌ನ ಎರಡು ಮಾನಿಟರ್‌ಗಳನ್ನು ಬಳಸುವುದು ರೂಢಿ. ಎಡ-ಬಲ ಸ್ತನಗಳ ಚಿತ್ರಗಳನ್ನೂ ಈ ವರ್ಷದ ಮತ್ತು ಹಿಂದಿನ ವರ್ಷಗಳ ಚಿತ್ರಗಳನ್ನೂ ಜೊತೆಯಾಗಿ ನೋಡಿದಾಗಲೇ ಸೂಕ್ಷ್ಮ ವ್ಯತ್ಯಾಸಗಳು ಗೋಚರಿಸುತ್ತವೆ.

ಮನೆಯಲ್ಲಿ ಎರಡು ಪರದೆ ಜೋಡಿಸುವವರಿಗೆ ಈ ಇತಿಹಾಸದಿಂದಲೇ ಕೆಲವು ಸೂಚನೆಗಳು ದೊರೆಯುತ್ತವೆ. ವಿಂಡೋಸ್ ಕೀ ಹಾಗೂ ಪಿ ಒಟ್ಟಿಗೆ ಒತ್ತಿದಾಗ ಬರುವ ಆಯ್ಕೆಗಳಲ್ಲಿ ಡೂಪ್ಲಿಕೇಟ್ ಎಂಬುದು ಒಂದೇ ಚಿತ್ರವನ್ನು ಎರಡು ಕಡೆ ತೋರಿಸುತ್ತದೆ. ಹೋಲಿಕೆಗೆ ಬೇಕಾದುದು ಎಕ್ಸ್‌ಟೆಂಡ್. ಹೆಚ್ಚು ನೋಡುವ ಪರದೆಯನ್ನು ನೇರ ಎದುರಿಗೂ ಇನ್ನೊಂದನ್ನು ಪಕ್ಕದಲ್ಲಿ ತುಸು ಓರೆಯಾಗಿಯೂ ಇಡಬೇಕು. ಎರಡರ ಮೇಲಂಚೂ ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿರಲಿ. ಬೈಫೋಕಲ್ ಕನ್ನಡಕ ಧರಿಸುವವರು ಇನ್ನೂ ತಗ್ಗಿಸಿದರೆ ಕತ್ತಿಗೆ ಹಿತ. ನಮ್ಮ ಸುದ್ದಿಪತ್ರದ ಕರಡು ತಿದ್ದುವ ಸ್ವಯಂಸೇವಕರಿಗೂ ಇದು ಅನುಕೂಲ: ಒಂದೆಡೆ ಲೇಖಕರ ಹಸ್ತಪ್ರತಿ, ಇನ್ನೊಂದೆಡೆ ಬೆರಳಚ್ಚಾದ ಪುಟ.

ಕೊನೆಯಲ್ಲಿ ಒಂದು ವಿನಂತಿ. ಎಷ್ಟೇ ಉತ್ತಮವಾದ ಪರದೆಯಾದರೂ ತೋರಿಸಲು ಹಳೆಯ ಚಿತ್ರವಿಲ್ಲದಿದ್ದರೆ ಬರಿದಾಗಿಯೇ ಉಳಿಯುತ್ತದೆ. ಊರಿನಿಂದ ತಂದೆತಾಯಿಗಳು ನಮ್ಮಲ್ಲಿಗೆ ಬಂದು ತಿಂಗಳುಗಟ್ಟಲೆ ಇರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಉಪ್ಪಿನಕಾಯಿ, ಹಪ್ಪಳಗಳಿಗೆ ಸೂಟ್‌ಕೇಸಿನಲ್ಲಿ ದೊರೆಯುವ ಜಾಗ ಹಳೆಯ ಎಕ್ಸ್-ರೇ, ಸಿ.ಟಿ. ಸ್ಕ್ಯಾನ್‌ಗಳಿಗೆ ದೊರೆಯುವುದಿಲ್ಲ, ಅವು ಊರಿನ ಬೀರುವಿನಲ್ಲೇ ಉಳಿಯುತ್ತವೆ. ಫಿಲ್ಮಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದರೆ ಸೂಕ್ಷ್ಮ ವಿವರಗಳು ನಷ್ಟವಾಗುತ್ತವೆ. ಆದ್ದರಿಂದ ಅವರು ಹೊರಡುವ ಮುನ್ನವೇ ಅಲ್ಲಿನ ಆಸ್ಪತ್ರೆಯಿಂದ ಡೈಕಾಮ್ ರೂಪದ ಸಿ.ಡಿ.ಯನ್ನೂ ವರದಿಯನ್ನೂ ಕೇಳಿ ಪಡೆಯುವಂತೆ ತಿಳಿಸಿರಿ. ಇಲ್ಲಿನ ವೈದ್ಯರು ಅವರ ಎದೆಯಲ್ಲೊಂದು ನೆರಳನ್ನು ಕಂಡ ದಿನ, ಆ ಸಿ.ಡಿ.ಯು ಅನಗತ್ಯ ಬಯಾಪ್ಸಿಯನ್ನು ತಪ್ಪಿಸಬಹುದು ಅಥವಾ ಅಗತ್ಯವಾದ ಚಿಕಿತ್ಸೆಯನ್ನು ಬೇಗನೆ ಆರಂಭಿಸಲು ನೆರವಾಗಬಹುದು.