ಶಕ್ತಿನಗರದ ಹೊಗೆ ಮತ್ತು ಕ್ಯಾನ್ಸರಿನ ಲೆಕ್ಕ

ಪುಣೆಯಿಂದ ಸೊಲ್ಲಾಪುರ, ವಾಡಿ ಮಾರ್ಗವಾಗಿ ರಾಯಚೂರಿಗೆ ಹೋಗುವ ನಮ್ಮವರಿಗೆಲ್ಲ ಕೃಷ್ಣಾ ಸೇತುವೆಯ ಬಳಿ ಕಾಣುವ ಶಕ್ತಿನಗರದ ಚಿಮಣಿಗಳು ಪರಿಚಿತವೇ. ಬಹುಕಾಲ ಶರಾವತಿಯ ನೀರನ್ನೇ ನೆಚ್ಚಿದ್ದ ಕರ್ನಾಟಕಕ್ಕೆ ಕಲ್ಲಿದ್ದಲಿನಿಂದ ವಿದ್ಯುತ್ ಕೊಟ್ಟ ಮೊದಲ ದೊಡ್ಡ ಕೇಂದ್ರವಿದು. 1985ರಲ್ಲಿ 210 ಮೆಗಾವಾಟಿನ ಒಂದೇ ಘಟಕದಿಂದ ಆರಂಭವಾಗಿ, 2010ರ ಹೊತ್ತಿಗೆ ಎಂಟು ಘಟಕಗಳಾಗಿ 1,720 ಮೆಗಾವಾಟಿಗೆ ಬೆಳೆಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ದೂರದ ಬೆಂಗಳೂರಿನ ದೀಪಕ್ಕೂ ಇದೇ ಆಸರೆ; ಹೊಗೆ, ಬೂದಿ ಮಾತ್ರ ಸುತ್ತಲಿನ ಹಳ್ಳಿಗಳ ಪಾಲು.

ಆ ಕಡೆ ಬಂಧುಗಳಿರುವವರು ಕೇಳುವುದುಂಟು: ಈ ಹೊಗೆಯಿಂದ ಕ್ಯಾನ್ಸರ್ ಬರುತ್ತದೆಯೇ? ಬಂದರೆ ಎಷ್ಟು ಜನಕ್ಕೆ?

ಮೊದಲ ಪ್ರಶ್ನೆಗೆ ಉತ್ತರ ಹಳೆಯದು. ಬಾಲ್ಯದಿಂದ ಚಿಮಣಿಯೊಳಗಿಳಿದು ಮಸಿ ಗುಡಿಸಿದವರಿಗೆ ವೃಷಣಚೀಲದ ಕ್ಯಾನ್ಸರ್ ಬರುವುದನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿಯೇ ಬರೆದಿಟ್ಟ. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಡಾಂಬರು ಬಳಿದು ಕ್ಯಾನ್ಸರ್ ಬರಿಸಿ ತೋರಿಸಿದರು. ಆದರೂ ಹೊರಗಿನ ಗಾಳಿಯ ಮಾಲಿನ್ಯವೇ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿದ್ದು 2013ರಲ್ಲಿ!

ಎರಡನೆಯ ಪ್ರಶ್ನೆಗೆ ಗುಣಾಕಾರ ಬೇಕು. ಕಲ್ಲಿದ್ದಲ ಹಾರುಬೂದಿಯಲ್ಲಿ ನಿಕ್ಕಲ್, ಕ್ರೋಮಿಯಂಗಳೊಡನೆ ಆರ್ಸೆನಿಕ್, ಅಂದರೆ ನಮ್ಮ ಹಿರಿಯರ ಪಾಷಾಣ, ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ತಾಮ್ರ ಕರಗಿಸುವ ಕಾರ್ಖಾನೆಗಳ ಕೆಲಸಗಾರರ ಮರಣಗಳನ್ನು ಆಧರಿಸಿ ಅಮೆರಿಕದ ಪರಿಸರ ಇಲಾಖೆ ಒಂದು ದರ ಕಟ್ಟಿದೆ: ಘನಮೀಟರ್ ಗಾಳಿಯಲ್ಲಿ ಒಂದು ಮೈಕ್ರೋಗ್ರಾಂ ಆರ್ಸೆನಿಕ್ ಇದ್ದು, ಅದನ್ನು ಜೀವಮಾನವಿಡೀ ಉಸಿರಾಡಿದರೆ ಸಾವಿರಕ್ಕೆ 4.3 ಜನರಿಗೆ ಹೆಚ್ಚುವರಿ ಕ್ಯಾನ್ಸರ್. ಭಾರತ 2009ರಲ್ಲಿ ಗೊತ್ತುಪಡಿಸಿದ ವಾರ್ಷಿಕ ಮಿತಿ 6 ನ್ಯಾನೋಗ್ರಾಂ, ಅಂದರೆ ಮೈಕ್ರೋಗ್ರಾಮಿನ ಸಾವಿರದಲ್ಲಿ ಆರು ಪಾಲು. ಗುಣಿಸಿದರೆ, ಗಾಳಿ ಸರಿಯಾಗಿ ಈ ಮಿತಿಯಲ್ಲೇ ಇದ್ದರೂ ಲಕ್ಷ ಜನರಲ್ಲಿ ಸುಮಾರು ಎರಡೂವರೆ ಜನ. (ನಮ್ಮ ಕಚೇರಿಯ ಕಡತದಲ್ಲಿ ಅರ್ಧ ಮನುಷ್ಯನಿಗೆ ಜಾಗವಿಲ್ಲ, ವಿಜ್ಞಾನದಲ್ಲಿದೆ.) ಕಾರ್ಖಾನೆಯೊಳಗಿನ ದಟ್ಟ ಹೊಗೆಗೆ ಕಂಡ ದರವನ್ನು ಊರಿನ ತೆಳು ಗಾಳಿಗೂ ನೇರವಾಗಿ ಎಳೆದಿರುವುದರಿಂದ ನಿಜಸಂಖ್ಯೆ ಇದಕ್ಕಿಂತ ಕಡಿಮೆಯೂ ಇರಬಹುದು. ಇದು ಆರ್ಸೆನಿಕ್ ಒಂದರದೇ ಲೆಕ್ಕ ಎಂಬುದನ್ನೂ ಮರೆಯುವಂತಿಲ್ಲ. ಸೂಕ್ಷ್ಮ ಧೂಳು ಹೃದಯಕ್ಕೆ, ಶ್ವಾಸಕೋಶಕ್ಕೆ ಮಾಡುವ ಕೇಡು ಬೇರೆಯೇ, ಇದಕ್ಕಿಂತ ದೊಡ್ಡದು.

ಆ ಎರಡೂವರೆ ಜನರನ್ನು ಹುಡುಕಿ ತೋರಿಸಲಾಗದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಆ ನಗರದ ಕ್ಯಾನ್ಸರ್ ರೋಗಿಗಳನ್ನು ದಾಖಲಿಸುತ್ತ ಬಂದಿದೆ. ಅಂಥ ದಾಖಲೆ ರೋಗವನ್ನು ಹೇಳೀತು, ಅದು ಯಾವ ಚಿಮಣಿಯದೆಂದು ಹೇಳದು. ನಮ್ಮ ದೇಶದಲ್ಲಿ ಜೀವಮಾನದಲ್ಲಿ ಸುಮಾರು ಒಂಬತ್ತರಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂಬ ಅಂದಾಜಿದೆ. ಲಕ್ಷಕ್ಕೆ ಹನ್ನೊಂದು ಸಾವಿರ! ಆದ್ದರಿಂದ ಒಬ್ಬನಿಗೂ ರುಜುವಾತಾಗಿಲ್ಲ ಎಂಬ ಸಮಾಧಾನವೂ, ಊರಿನ ಪ್ರತಿ ಗಡ್ಡೆಗೂ ಚಿಮಣಿಯೇ ಕಾರಣವೆಂಬ ಸಿಟ್ಟೂ ನನಗೆ ಒಪ್ಪಿಗೆಯಾಗವು.

ವಿದ್ಯುತ್ ಕೇಂದ್ರಗಳ ಚಿಮಣಿಗೆ ಕೇಂದ್ರ ಸರಕಾರ 2015ರ ಡಿಸೆಂಬರಿನಲ್ಲಿ ಹೊಸ ಮಿತಿಗಳನ್ನು ಹೊರಡಿಸಿತು. ಅದರಲ್ಲಿ ಧೂಳು, ಗಂಧಕ, ಸಾರಜನಕದ ಆಕ್ಸೈಡುಗಳು ಮತ್ತು ಪಾದರಸ ಇವೆ. ಆರ್ಸೆನಿಕ್, ನಿಕ್ಕಲ್ ಇಲ್ಲ. ಹಾಗಾಗಿ ಗುಣಾಕಾರದ ಮೊದಲ ಅಂಕಿಯನ್ನು ಹಳ್ಳಿಯ ಗಾಳಿಯಲ್ಲಿ, ವರ್ಷವಿಡೀ ಅಳೆದೇ ಪಡೆಯಬೇಕು.